ಗುಳ್ಳೆ ಏಳುವ ತನಕ

ಕಳೆದ ತಿಂಗಳು ವಿಜಯಪುರದಲ್ಲಿ, ಬಣ್ಣದ ಮೀನು ಮಾರುವ ಅಂಗಡಿಯೊಂದರ ಮುಂದೆ ಮಳೆಗೆ ಸಿಕ್ಕು ನಿಂತಿದ್ದೆ. ಅಂಗಡಿಯಾತ ಗಾಜಿನ ತೊಟ್ಟಿಯೊಳಗೆ ಕೈಹಾಕಿ ಹಸಿರು ಗಿಡದ ಒಂದು ಕಂತೆಯನ್ನು ಹೊರಗೆಳೆದ. ನೀರು ಜಾಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬತೊಡಗಿದ. ಹಾವಸೆಯ ವಾಸನೆ ಬಂತು. ಹಸಿ ಕಲ್ಲು, ಹಳೆಯ ಬಾವಿ, ಬಿಸಿಲಿಗೆ ಕಾದ ನೀರು... ಇವೆಲ್ಲ ಸೇರಿದ ವಾಸನೆ ಅದು. ಆ ಗಿಡ ಯಾಕೆ ಬೇಕು ಎಂದು ಸುಮ್ಮನೆ ಕೇಳಿದೆ. ಮೀನಿಗೆ ಉಸಿರು ಸಿಗತೈತ್ರಿ ಎಂದ. ಅದೇ ಗಿಡದ ಬಗ್ಗೆ ಅದೇ ಮಾತನ್ನು ನಾನು ಮೊದಲು ಕೇಳಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಮುದ್ದೇಬಿಹಾಳ ತಾಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ. ಹೇಳಿದವರು ನಮ್ಮ ಅಕ್ಕೋರು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ನಮ್ಮ ಶಾಲೆಯಲ್ಲಿ ಇದ್ದದ್ದು ಒಬ್ಬರೇ ಅಕ್ಕೋರು. ಆದ್ದರಿಂದ ಹೆಸರು ಹಿಡಿದು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅವರು ಇಂಡಿ ಕಡೆಯವರು, ಧಾರವಾಡದಲ್ಲಿ ಓದಿದವರು ಎಂಬಷ್ಟು ಗೊತ್ತಿತ್ತು. ಮನೆಯಲ್ಲಿ ಯಾರಿದ್ದಾರೆ, ಒಬ್ಬರೇ ಯಾಕೆ ಈ ಊರಿಗೆ ಬಂದು ಬಾಡಿಗೆ ಕೋಣೆಯಲ್ಲಿದ್ದಾರೆ ಎಂಬುದು ಗೊತ್ತಿರಲಿಲ್ಲ. ಊರಲ್ಲಿ ಏನೇನೋ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಎಷ್ಟು ನಿಜವೋ ತಿಳಿಯದ ಕಾರಣ ಇಲ್ಲಿ ಬರೆಯುವುದಿಲ್ಲ.

ಆಗ ನಮ್ಮ ಶಾಲೆಯಲ್ಲಿ ಗಂಡುಹುಡುಗರಿಗೆ ವಿಜ್ಞಾನ, ಹುಡುಗಿಯರಿಗೆ ಗೃಹವಿಜ್ಞಾನ. ಇದು ಸರಕಾರದ ನಿಯಮವೇನೂ ಅಲ್ಲ, ರೂಢಿ. ಅಕ್ಕೋರು ಬಂದ ವರ್ಷವೇ ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೂ ವಿಜ್ಞಾನ ಕಲಿಸುತ್ತೇನೆಂದು ಶಾಲೆಯ ಆಡಳಿತ ಮಂಡಳಿಗೆ ಬರೆದುಕೊಟ್ಟರು. ಮಂಡಳಿಯ ಚೇರಮನ್ನರು ಕೆಟ್ಟ ಮನುಷ್ಯರಲ್ಲ. ಆದರೆ ಪ್ರಯೋಗ ಎಂದರೆ ಬೆಂಕಿ, ಸ್ಪಿರಿಟ್ಟು, ಒಡೆಯುವ ಗಾಜು. ಹುಡುಗಿಯ ಕೈ ಸುಟ್ಟರೆ ಅವರಪ್ಪನಿಗೆ ಉತ್ತರ ಕೊಡುವವರು ಯಾರು ಎಂಬುದು ಅವರ ಪ್ರಶ್ನೆ. ಕೊನೆಗೆ ಒಂದು ವರ್ಷ ನಡೆಯಲಿ ಎಂದರು. ವರ್ಷದ ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಅವರು ನೋಡಿ ಸರಿ ಎಂದರೆ ಹತ್ತನೆಯ ಇಯತ್ತೆಗೂ ಮುಂದುವರಿಯಲಿ, ಇಲ್ಲವೆಂದರೆ ಎಲ್ಲರೂ ಗೃಹವಿಜ್ಞಾನಕ್ಕೆ ಮರಳಲಿ. ಕರಾರು ಅಷ್ಟೇ.

ಆ ತರಗತಿಯ ಹುಡುಗಿಯರಾದ ನಮ್ಮಲ್ಲಿ ಕೆಲವರಿಗೆ ಯಾವುದಾದರೂ ನಡೆಯುತ್ತಿತ್ತು. ಗಂಗವ್ವನಿಗೆ ನಡೆಯುತ್ತಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು. ನರ್ಸ್ ಆಗಬೇಕೆಂದು ಹಟ ಹಿಡಿದಿದ್ದಳು. ವಿಜ್ಞಾನ ಓದಿದರೆ ನರ್ಸಿಂಗಿಗೆ ಕಳಿಸುತ್ತೇನೆ, ಇಲ್ಲವಾದರೆ ಹತ್ತನೆಯ ಇಯತ್ತೆಯೂ ಬೇಡ, ಮನೆಯಲ್ಲಿರು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಅದೇ ಅವಳಿಗೆ ಧೈರ್ಯ, ಅದೇ ಹೆದರಿಕೆ.

ನರ್ಸ್ ಆಗುವ ಆಸೆಗೆ ಕಾರಣವಿತ್ತು. ಆ ದಿನಗಳಲ್ಲಿ ನಮ್ಮ ಕಡೆ ನಾರುಹುಣ್ಣು ಇತ್ತು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನಿಂದ, ತಿಂಗಳುಗಳ ಬಳಿಕ, ದಾರದಂಥ ಉದ್ದನೆಯ ಹುಳ ಹೊರಬರುತ್ತಿತ್ತು. ಗಂಗವ್ವನ ತಾಯಿ ಒಂದು ಸುಗ್ಗಿ ಪೂರ್ತಿ ಹೊರಸಿನ ಮೇಲೆ ಮಲಗಿದ್ದಳು. ಅಕ್ಕೋರು ಬಂದ ಹೊಸತರಲ್ಲಿ ಓಣಿ ಓಣಿಗೆ ಹೋಗಿ, ನೀರನ್ನು ಬಟ್ಟೆ ಮಡಿಸಿ ಸೋಸಿರಿ, ಕುದಿಸಿ ಆರಿಸಿ ಕುಡಿಯಿರಿ ಎಂದು ಹೇಳಿಬರುತ್ತಿದ್ದರು. ಊರಿನಲ್ಲಿ ಬಹಳ ಜನ ಕೇಳಿಸಿಕೊಂಡರು, ಮಾಡಲಿಲ್ಲ. ಗಂಗವ್ವನ ಮನೆಯಲ್ಲಿ ಮಾತ್ರ ಅಂದಿನಿಂದ ಕುದಿಸದ ನೀರು ಯಾರ ಬಾಯಿಗೂ ಹೋಗಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವಳು ಗಂಗವ್ವನೇ.

ಅಕ್ಕೋರ ಪಾಠ ಪುಸ್ತಕದಿಂದ ಶುರುವಾಗುತ್ತಿರಲಿಲ್ಲ. ನಮ್ಮ ತರಗತಿಯ ನೆಲಕ್ಕೆ ತಾಳಿಕೋಟೆ ಕಡೆಯ ಗಣಿಯಿಂದ ತಂದ ಹಾಸುಗಲ್ಲು ಹಾಕಿದ್ದರು. ಪರಸಿ ಎನ್ನುತ್ತೇವೆ ಅದಕ್ಕೆ. ಒಂದು ದಿನ ಒಳಗೆ ಬಂದವರೇ, ನೀವು ಕುಂತದ್ದು ಸಮುದ್ರದ ತಳದ ಮ್ಯಾಲ ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. ಈ ಕಲ್ಲು ಒಂದು ಕಾಲಕ್ಕೆ ನೀರಿನ ತಳದಲ್ಲಿ ಕೂತ ಸುಣ್ಣದ ಕೆಸರು, ಪದರಿನ ಮೇಲೆ ಪದರು ಕೂತು ಗಟ್ಟಿಯಾದದ್ದು ಎಂದು ಬಗ್ಗಿ ಅಂಚನ್ನು ತೋರಿಸಿದರು. ಪದರುಗಳು ಕಾಣುತ್ತಿದ್ದವು. ದಿನಾ ಕಸ ಹೊಡೆಯುವ ನೆಲವನ್ನು ಅವತ್ತು ಮೊದಲ ಸಲ ನೋಡಿದೆವು.

ಅದಕ್ಕೂ ಎಷ್ಟೋ ಹಿಂದೆ ಭೂಮಿಯ ಮೇಲೆ ಉಸಿರಾಡುವ ಗಾಳಿಯೇ ಇರಲಿಲ್ಲ ಎಂದೂ ಹೇಳಿದರು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಿಗಳು ಹುಟ್ಟಿದವು. ಅವು ಬಿಸಿಲಿನ ಬಲದಿಂದ ನೀರನ್ನು ಒಡೆದು ತಮ್ಮ ಅನ್ನ ತಾವೇ ಮಾಡಿಕೊಂಡವು. ಆ ಅಡುಗೆಯಲ್ಲಿ ಉಳಿದದ್ದನ್ನು ಹೊರಗೆ ಬಿಟ್ಟವು. ಹಾಗೆ ಬಿಟ್ಟದ್ದೇ ಆಮ್ಲಜನಕ. ಜೋಳದ ಎಲೆ ಇವತ್ತಿಗೂ ಮಾಡುವುದು ಅದನ್ನೇ. ನಾವು ಬಡಿಯುವ ರೊಟ್ಟಿಯೊಳಗಿನ ಶಕ್ತಿ ಬಿಸಿಲಿನದು. ರೊಟ್ಟಿ ತಿಂದು ಹೊಲಕ್ಕೆ ಹೋಗುವ ಕಾಲಿನಲ್ಲಿರುವುದೂ ಅದೇ ಬಿಸಿಲು. ಇದನ್ನೆಲ್ಲ ಅವರು ಕಥೆಯಂತೆ ಹೇಳುತ್ತಿರಲಿಲ್ಲ. ಊರಿನ ಪಂಚಾಯಿತಿಯಲ್ಲಿ ನಡೆದದ್ದನ್ನು ಹೇಳಿದ ಹಾಗೆ, ಸಾದಾ ದನಿಯಲ್ಲಿ ಹೇಳುತ್ತಿದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ತಡಿ, ನೋಡೂಣು ಎನ್ನುತ್ತಿದ್ದರು. ಆ ಮೇಲೆ ನಿಜವಾಗಿಯೂ ನೋಡುತ್ತಿದ್ದರು.

ಸಾಹೇಬರಿಗೆ ತೋರಿಸಲು ಅವರು ಆರಿಸಿಕೊಂಡದ್ದು ಹೈಡ್ರಿಲ್ಲಾದ ಪ್ರಯೋಗ. ನೀರಿನೊಳಗೇ ಬೆಳೆಯುವ ಗಿಡ ಅದು. ನಾವು ಹಾವಸಿ ಎಂದಷ್ಟೇ ತಿಳಿದಿದ್ದೆವು. ನಮ್ಮ ಹೊಲದ ಬಾವಿಯಲ್ಲಿ ಬೇಕಾದಷ್ಟಿತ್ತು. ಕಿರಾಣಿ ಅಂಗಡಿಯಿಂದ ಪೆಪ್ಪರಮಿಂಟಿನ ಗಾಜಿನ ಭರಣಿ ತಂದು, ನೀರು ತುಂಬಿ, ಗಿಡ ಇಟ್ಟು, ಅದರ ಮೇಲೆ ಗಾಜಿನ ಆಲಿಕೆಯನ್ನು ಬೋರಲು ಹಾಕುವುದು. ಆಲಿಕೆಯ ಮೂತಿಗೆ ನೀರು ತುಂಬಿದ ಪ್ರನಾಳವನ್ನು ತಲೆಕೆಳಗಾಗಿ ಕೂಡಿಸುವುದು. ಎಲ್ಲವನ್ನೂ ಬಿಸಿಲಿಗೆ ಇಡುವುದು. ಸ್ವಲ್ಪ ಹೊತ್ತಿಗೆ ಗಿಡದಿಂದ ಸಣ್ಣ ಗುಳ್ಳೆಗಳು ಎದ್ದು ಪ್ರನಾಳದ ತುದಿಗೆ ಸೇರುತ್ತವೆ. ಸಾಕಷ್ಟು ಸೇರಿದ ಮೇಲೆ ಕೆಂಡವಿರುವ ಊದಿನಕಡ್ಡಿಯನ್ನು ಅದರೊಳಗೆ ಹಿಡಿದರೆ ಕೆಂಡ ಬೆಳಗುತ್ತದೆ. ನಾವು ಎರಡು ಮೂರು ಸಲ ಮಾಡಿ ನೋಡಿದ್ದೆವು. ಪ್ರತಿ ಸಲ ಗುಳ್ಳೆ ಎದ್ದಿದ್ದವು.

ಸಾಹೇಬರು ಬರುವ ಹಿಂದಿನ ದಿನ ಚೇರಮನ್ನರು ಶಾಲೆಗೆ ಬಂದು, ಎಲ್ಲಾ ಸ್ವಚ್ಛ ಇರಬೇಕು ಎಂದು ಹೇಳಿಹೋದರು. ಗೋಡೆಗೆ ಸುಣ್ಣ ಬಳಿದರು. ಪರಸಿ ತಿಕ್ಕಿ ತೊಳೆದರು.

ಮರುದಿನ ಮುಂಜಾನೆಯ ಬಸ್ಸಿಗೆ ಸಾಹೇಬರು ಬಂದರು. ಜೊತೆಗೆ ಒಬ್ಬ ಜವಾನ. ಹುಡುಗರ ತರಗತಿ ಮುಗಿಸಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಅಂಗಳದ ಕಟ್ಟೆಯ ಮೇಲೆ ಭರಣಿ ಥಳಥಳ ಹೊಳೆಯುತ್ತಿತ್ತು. ನೀರು ಇಷ್ಟು ತಿಳಿಯಾಗಿ ಹಿಂದೆಂದೂ ಕಂಡಿರಲಿಲ್ಲ. ಗಿಡ ಒಂದೊಂದು ಎಲೆಯೂ ಕಾಣುವಂತೆ ನಿಂತಿತ್ತು. ಅಕ್ಕೋರು ಏನು ನಡೆಯುತ್ತದೆಂದು ವಿವರಿಸಿದರು. ಎಲ್ಲರೂ ಬಗ್ಗಿ ನೋಡಿದರು.

ಒಂದು ಗುಳ್ಳೆಯೂ ಏಳಲಿಲ್ಲ.

ಸಾಹೇಬರು ತಾಳ್ಮೆಯಿಂದಲೇ ನಿಂತರು. ಚೇರಮನ್ನರು ಮಾತ್ರ ಕಾಲು ಬದಲಿಸಿ ಬದಲಿಸಿ ನಿಂತು, ಗಿಡಕ್ಕ ಇವತ್ತು ಸೂಟಿ ಐತೇನ್ರಿ ಅಕ್ಕೋರ ಎಂದರು. ಹಿಂದೆ ನಿಂತ ಮಾಸ್ತರರು ನಕ್ಕರು. ಅಕ್ಕೋರು ಭರಣಿಯನ್ನು ಬಿಸಿಲಿನ ಕಡೆ ಇನ್ನಷ್ಟು ಸರಿಸಿದರು. ಏನೂ ಆಗಲಿಲ್ಲ. ಆಮೇಲೆ ಬೆರಳನ್ನು ನೀರಿಗೆ ಅದ್ದಿ, ಬೆರಳ ತುದಿಯನ್ನೇ ನೋಡುತ್ತ ಕೇಳಿದರು:

“ಈ ನೀರು ಯಾರು ತುಂಬೀರಿ?”

ಗಂಗವ್ವ ಮುಂದೆ ಬಂದಳು. “ನಾನ್ರೀ ಅಕ್ಕೋರ. ಬಾವಿ ನೀರಾಗ ಹುಳ ಇರತಾವಲ್ರೀ. ಸಾಹೇಬ್ರ ಮುಂದ ಅಂಥಾ ನೀರು ಹೆಂಗ ಇಡೂದಂತ ಸೋಸಿ, ಕುದಿಸಿ, ಆರಿಸಿ ತಂದೇನ್ರಿ. ನೀವ ಹೇಳಿದ್ರೆಲ್ರೀ.”

ಹಿಂದಿನ ದಿನ ಸಂಜೆ ಮನೆಯಲ್ಲಿ ಕೊಡದ ತುಂಬ ನೀರು ಕುದಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟು, ಮುಂಜಾನೆ ಎಲ್ಲರಿಗಿಂತ ಮೊದಲು ಹೊತ್ತು ತಂದು ಭರಣಿಯ ನೀರನ್ನು ಬದಲಿಸಿದ್ದಳು. ಬೇರೆ ಯಾವ ಊರಿನ ಹುಡುಗಿಗೂ ಇದು ಹೊಳೆಯುತ್ತಿರಲಿಲ್ಲವೇನೋ. ನಾರುಹುಣ್ಣು ಕಂಡ ಮನೆಯವಳಿಗೆ, ಅಕ್ಕೋರ ಮಾತನ್ನು ತಪ್ಪದೆ ನಡೆಸಿದವಳಿಗೆ ಮಾತ್ರ ಹೊಳೆಯುವಂಥದ್ದು.

ಅಕ್ಕೋರು ಆಗ ಏನಾದರೊಂದು ನೆಪ ಹೇಳಬಹುದಿತ್ತು. ಗಿಡ ಬಾಡಿದೆ ಎನ್ನಬಹುದಿತ್ತು. ಹಾಗೆ ಮಾಡಲಿಲ್ಲ. ಸಾಹೇಬರ ಕಡೆ ತಿರುಗಿ, ಈ ಹುಡುಗಿ ನಾನು ಕಲಿಸಿದ್ದನ್ನೇ ಮಾಡಿದ್ದಾಳೆ, ಆದ್ದರಿಂದ ಪ್ರಯೋಗ ನಡೆದಿಲ್ಲ, ಯಾಕೆ ನಡೆದಿಲ್ಲ ಎಂಬುದನ್ನು ಈಗ ಇವರೇ ಹೇಳಲಿ, ಅಪ್ಪಣೆ ಕೊಡಿ ಎಂದರು. ಸಾಹೇಬರು ತಲೆಯಾಡಿಸಿದರು. ಅಕ್ಕೋರು ನಮ್ಮತ್ತ ನೋಡಿ, ನೀರು ಒಲೆಯ ಮೇಲೆ ಇಟ್ಟಾಗ ಕುದಿಯುವ ಮೊದಲು ಏನು ಕಾಣುತ್ತದೆ ಎಂದು ಕೇಳಿದರು.

ಗಂಗವ್ವ ಅಳುತ್ತಿದ್ದಳು. ಅಳುತ್ತಲೇ ಹೇಳಿದಳು. ಮೊದಲು ಕೊಡದ ಗೋಡೆಗೆ ಸಣ್ಣ ಗುಳ್ಳೆ ಹತ್ತುತ್ತವೆ, ಅದು ನೀರಿನೊಳಗಿನ ಗಾಳಿ, ಅದು ಹೊರಗೆ ಹೋಗುತ್ತದೆ. ಕೊಡದ ತಳಕ್ಕೆ ಬಿಳಿ ಸುಣ್ಣವೂ ಕೂಡುತ್ತದೆ. ಇಷ್ಟು ಹೇಳಿ ನಿಂತಳು. ಗಂಗವ್ವ ಸೆರಗಿನಿಂದ ಮೂಗೊರೆಸಿಕೊಂಡು, ಒಮ್ಮೆ ಗಿಡವನ್ನು, ಒಮ್ಮೆ ಅಕ್ಕೋರನ್ನು ನೋಡಿದಳು.

“ಹಂಗಾರ ಗಿಡಕ್ಕ ಉಣ್ಣಾಕ ಏನೂ ಇಲ್ರಿ ಅದರಾಗ. ನಾವು ಬಿಡೂ ಉಸಿರಿನ್ಯಾಗಿಂದು ಅದಕ್ಕ ಬೇಕಲ್ರಿ.”

“ಮತ್ತ ಕೊಡು” ಎಂದರು ಅಕ್ಕೋರು.

ಬಾವಿಯಿಂದ ಬೇರೆ ನೀರು ತರಬಹುದಿತ್ತು. ಅಕ್ಕೋರು ಬೇಡವೆಂದರು. ಕೈ ತೊಳೆಯುವ ಜಾಗದಲ್ಲಿ ಪಪ್ಪಾಯಿ ಗಿಡವಿತ್ತು. ಅದರ ಎಲೆಯ ದೇಟು ಒಳಗೆ ಪೊಳ್ಳಾಗಿರುತ್ತದೆ. ಒಂದನ್ನು ಮುರಿದು ಗಂಗವ್ವನ ಕೈಗೆ ಕೊಟ್ಟರು. ಆಲಿಕೆ, ಪ್ರನಾಳ ಎಲ್ಲ ತೆಗೆದಿಟ್ಟು, ಅವಳು ದೇಟಿನ ಒಂದು ತುದಿಯನ್ನು ನೀರಿನೊಳಗೆ ಬಿಟ್ಟು ಊದತೊಡಗಿದಳು. ಅವಳಿಗೆ ದಣಿವಾದಾಗ ನಾವು ಒಬ್ಬೊಬ್ಬರಾಗಿ ಊದಿದೆವು. ಚೇರಮನ್ನರಿಗೆ ಇನ್ನು ತಡೆಯಲಾಗಲಿಲ್ಲ.

“ಪುಂಗಿ ಊದಿ ಹಾವು ಎಬ್ಬಿಸ್ತಾರಂತ ಕೇಳೇನಿ. ಹಾವಸಿ ಎಬ್ಬಿಸೂದು ಇವತ್ತ ನೋಡಾಕತ್ತೇನಿ” ಎಂದರು.

ಈ ಸಲ ನಾವೂ ನಕ್ಕೆವು. ಅಕ್ಕೋರೂ ನಕ್ಕರು. ಆದರೆ ಊದುವುದನ್ನು ನಿಲ್ಲಿಸಗೊಡಲಿಲ್ಲ. ಸಾಕೆನಿಸಿದ ಮೇಲೆ ಪ್ರನಾಳಕ್ಕೆ ಅದೇ ನೀರು ತುಂಬಿ, ಆಲಿಕೆಯನ್ನೂ ಪ್ರನಾಳವನ್ನೂ ಮೊದಲಿನಂತೆ ಕೂಡಿಸಿದರು.

ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಹೋಗುವವರಿದ್ದರು. ಇಷ್ಟು ಹೊತ್ತಿಗೆ ತೋರಿಸುವುದು ಮುಗಿಯಬೇಕಿತ್ತು. ಅಕ್ಕೋರು ಅವರೆದುರು ನಿಂತು, ಗಿಡಕ್ಕೆ ಹೊತ್ತು ಬೇಕು, ಅದನ್ನು ಅವಸರ ಮಾಡಲು ಬರುವುದಿಲ್ಲ, ದಯಮಾಡಿ ಸಂಜೆಯ ಬಸ್ಸಿಗೆ ಹೋಗಿರಿ ಎಂದರು. ಒಬ್ಬ ಅಕ್ಕೋರು ತಪಾಸಣೆಯ ಸಾಹೇಬರಿಗೆ ಹಾಗೆ ಹೇಳಿದ್ದನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ. ಹೆಡ್‌ಮಾಸ್ತರರ ಮುಖ ಇಳಿಯಿತು. ಸಾಹೇಬರು ಗಡಿಯಾರ ನೋಡಿಕೊಂಡರು, ಭರಣಿಯನ್ನು ನೋಡಿದರು. ಹೇಗಿದ್ದರೂ ಚೇರಮನ್ನರ ಮನೆಯಲ್ಲಿ ಊಟವಿದೆ, ಉಂಡು ಬಂದು ನೋಡುತ್ತೇನೆ ಎಂದರು. ಹೋಗುವಾಗ, ನಾವು ಬೇರೆ ಏನನ್ನಾದರೂ ತುಂಬಿಬಿಟ್ಟೇವು ಎಂದು ಜವಾನನನ್ನು ಕಾವಲಿಗೆ ಬಿಟ್ಟುಹೋದರು.

ಜವಾನ ಮೊದಲು ಬೇವಿನ ನೆರಳಿಗೆ ಕೂತ. ನಮಗೆ ಬೈದ. ಇಂಥಾ ಉರಿಬಿಸಲಾಗ ನಿಮ್ಮ ಸಲುವಾಗಿ ಉಪವಾಸ ಕುಂಡ್ರೂದು ಬಂತು ನೋಡ್ರಿ ಎಂದ. ಅಕ್ಕೋರು ತಮ್ಮ ಬುತ್ತಿಯ ರೊಟ್ಟಿಯನ್ನು ಅವನಿಗೆ ಕೊಟ್ಟರು. ನೆರಳು ಸರಿದಂತೆಲ್ಲ ನಾವು ಭರಣಿಯನ್ನು ಬಿಸಿಲಿಗೆ ಸರಿಸುತ್ತಿದ್ದೆವು. ಊಟಕ್ಕೆ ಯಾರೂ ಮನೆಗೆ ಹೋಗಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಎಲೆಯ ಬುಡದಲ್ಲಿ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಕಂಡಿತು. ಅದು ಅಲ್ಲೇ ಅಂಟಿಕೊಂಡು ನಿಂತಿತು. ಅದು ಕಿತ್ತು ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೆ ಸಾಲಾಗಿ, ದಾರಕ್ಕೆ ಪೋಣಿಸಿದ ಹಾಗೆ... ಜವಾನ ಎದ್ದು ಬಂದು ಭರಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ರೊಟ್ಟಿ ಅವನ ಕೈಯಲ್ಲೇ ಇತ್ತು. ಬಂತು ನೋಡವಾ, ಮತ್ತೊಂದು ಬಂತು ಎಂದು ನಮಗೇ ತೋರಿಸತೊಡಗಿದ.

ಸಾಹೇಬರು ಮರಳಿದಾಗ ಬಿಸಿಲು ಇಳಿಮುಖವಾಗಿತ್ತು. ಪ್ರನಾಳದ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾಳಿ ಸೇರಿತ್ತು, ಹೆಚ್ಚಿಲ್ಲ. ಒಂದೇ ಸಲ ಪರೀಕ್ಷೆ ಮಾಡಲು ಸಾಕಾಗುವಷ್ಟು. ಅಕ್ಕೋರು ಪ್ರನಾಳದ ಬಾಯಿಯನ್ನು ನೀರಿನೊಳಗೇ ಹೆಬ್ಬೆರಳಿನಿಂದ ಮುಚ್ಚಿ ಹೊರಗೆತ್ತಿ, ಬಾಯಿ ಮೇಲಾಗುವಂತೆ ತಿರುಗಿಸಿ ಹಿಡಿದರು. ಊದಿನಕಡ್ಡಿಯನ್ನು ಗಂಗವ್ವನ ಕೈಗೆ ಕೊಟ್ಟರು. ಅವಳು ಉರಿಯನ್ನು ಆರಿಸಿ ಕೆಂಡ ಉಳಿಸಿಕೊಂಡಳು. ಅಕ್ಕೋರು ಬೆರಳು ತೆಗೆದರು. ಕಡ್ಡಿ ಒಳಗೆ ಹೋಯಿತು. ಕೆಂಡ ಒಮ್ಮೆ ಬೆಳ್ಳಗಾಗಿ, ಸಣ್ಣ ಜ್ವಾಲೆಯೊಂದು ಹತ್ತಿ, ಆರಿತು. ಅಷ್ಟೇ.

ಇನ್ನೊಮ್ಮೆ ತೋರಿಸಿ ಎಂದರು ಸಾಹೇಬರು. ಮುಗಿಯಿತು, ಇನ್ನೊಮ್ಮೆ ನೋಡಬೇಕಾದರೆ ಇನ್ನೊಮ್ಮೆ ಕಾಯಬೇಕು ಎಂದರು ಅಕ್ಕೋರು. ಸಾಹೇಬರು ಜೋರಾಗಿ ನಕ್ಕರು. ಆಮೇಲೆ ಗಂಗವ್ವನ ಕಡೆ ತಿರುಗಿ, ಈ ಆಮ್ಲಜನಕ ಭೂಮಿಯ ಮೇಲೆ ಮೊದಲಿನಿಂದಲೂ ಇತ್ತೇ ಎಂದು ಕೇಳಿದರು. ಪುಸ್ತಕದ ಉತ್ತರ ಒಂದು ಸಾಲಿನದು. ಗಂಗವ್ವ ಅಕ್ಕೋರಿಂದ ಕೇಳಿದ್ದನ್ನು ತನಗೆ ತಿಳಿದ ಹಾಗೆ ಹೇಳಿದಳು.

“ಇರಲಿಲ್ರಿ. ನೀರಿನ್ಯಾಗಿನ ಹಸರು ಮಾಡಿದ್ದು. ಆದ್ರ ಮಾಡಿದ ಕೂಡಲೇ ಗಾಳಿಗಿ ಬರಲಿಲ್ರಿ ಅದು. ಸಮುದ್ರದಾಗ ಕಬ್ಬಿಣ ಕರಗಿತ್ತಂತ. ಮೊದಲ ಮೊದಲ ಹುಟ್ಟಿದ್ದೆಲ್ಲಾ ಆ ಕಬ್ಬಿಣಕ್ಕ ಜಂಗ ಹಿಡಿಸೂದರಾಗ ಹೋತ್ರಿ. ನೋಡಿದವರಿಗಿ ಏನೂ ಆಗಾಕತ್ತಿಲ್ಲ ಅನ್ನಿಸ್ತಿತ್ತು. ಕಬ್ಬಿಣ ತೀರಿದ ಮ್ಯಾಲ ಗಾಳಿಗಿ ಬಂತ್ರಿ.”

“ನೋಡಿದವರು ಯಾರಿದ್ದರವಾ ಆಗ?” ಎಂದು ಸಾಹೇಬರು ಕೇಳಿದರು.

“ಯಾರೂ ಇರಲಿಲ್ರಿ. ಆದ್ರೂ ಅವು ಮಾಡೂದು ಬಿಡಲಿಲ್ರಿ.”

ಸಂಜೆಯ ಬಸ್ಸು ಹತ್ತುವ ಮುಂಚೆ ಸಾಹೇಬರು ಚೇರಮನ್ನರಿಗೆ, ಇದು ಹತ್ತನೆಯ ಇಯತ್ತೆಗೂ ನಡೆಯಲಿ ಎಂದು ಎಲ್ಲರ ಎದುರು ಹೇಳಿದರು. ಚೇರಮನ್ನರು ಆಗಲ್ರಿ ಎಂದರು. ಗಂಗವ್ವನ ಅಪ್ಪ ಮಾತು ಉಳಿಸಿಕೊಂಡ.

ಜೂನಿನಲ್ಲಿ ಶಾಲೆ ಶುರುವಾದಾಗ ಅಕ್ಕೋರು ಇರಲಿಲ್ಲ.

ಯಾರೂ ಕಾರಣ ಹೇಳಲಿಲ್ಲ. ಅವರ ಕೋಣೆಗೆ ಬೇರೆ ಬಾಡಿಗೆಯವರು ಬಂದಿದ್ದರು. ಸಾಹೇಬರನ್ನು ಕಾಯಿಸಿದ್ದಕ್ಕೆ, ಎಲ್ಲರೆದುರು ಚೇರಮನ್ನರ ಮಾತು ಬಿದ್ದುಹೋಗುವಂತೆ ಮಾಡಿದ್ದಕ್ಕೆ ತೆಗೆದುಹಾಕಿದರು ಎಂದು ಊರಲ್ಲಿ ಮಾತಾಯಿತು. ನಾವೂ ಅದನ್ನೇ ನಂಬಿದೆವು. ಹೊಸದಾಗಿ ಬಂದ ಮಾಸ್ತರರು ಪುಸ್ತಕ ಓದಿಸುತ್ತಿದ್ದರು, ಒಳ್ಳೆಯವರೇ. ಅವರು ಪ್ರಯೋಗ ಬಿಟ್ಟು ಮುಂದಿನ ಪಾಠಕ್ಕೆ ಹೋದಾಗಲೆಲ್ಲ ಗಂಗವ್ವ ಎದ್ದು ನಿಂತು, ಮಾಡಿ ನೋಡೂಣ್ರಿ ಸರ ಎನ್ನುತ್ತಿದ್ದಳು. ಮಾಡದ ಹೊರತು ಕೂಡುತ್ತಿರಲಿಲ್ಲ. ಅವಳು ಪಾಸಾದಳು, ನರ್ಸಿಂಗ್ ಮುಗಿಸಿದಳು. ಬಸವನ ಬಾಗೇವಾಡಿಯಲ್ಲಿ ನೌಕರಿ ಮಾಡಿ ಅಲ್ಲಿಯೇ ನಿವೃತ್ತಳಾದಳು. ನಾನು ಪತ್ರಿಕೆಯ ಕೆಲಸಕ್ಕೆ ಸೇರಿದೆ.

ಮೀನಿನ ಅಂಗಡಿಯ ಮುಂದೆ ನಿಂತ ದಿನ ಸಂಜೆ ಗಂಗವ್ವನಿಗೆ ಫೋನ್ ಮಾಡಿದೆ. ಅಕ್ಕೋರು ಈಗ ಎಲ್ಲಿರಬಹುದು ಎಂದೆ. ಹುಡುಕೂಣು ಎಂದಳು. ವಾರದೊಳಗೆ ವಿಳಾಸ ಹಿಡಿದಳು. ಇಬ್ಬರೂ ಇಂಡಿಗೆ ಹೋದೆವು.

ಬಾಗಿಲು ತೆರೆದದ್ದು ಅವರ ಅಕ್ಕನ ಮಗಳು. ಯಾರನ್ನು ಹುಡುಕಿ ಬಂದೆವೆಂದು ನಾವು ಹೇಳುವ ಮೊದಲೇ ಅವಳಿಗೆ ತಿಳಿಯಿತು. ಒಳಗೆ ಕರೆದು ಕೂಡಿಸಿ, ಚಿಗವ್ವ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನಾನು ಎಲ್ಲಿ, ಏನಾಗಿತ್ತು, ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಿದೆ. ಕೆಲಸದ ಅಭ್ಯಾಸ ಅದು. ಅವಳು ಎಲ್ಲದಕ್ಕೂ ಉತ್ತರಿಸಿದಳು. ಅವಳು ತಂದುಕೊಟ್ಟ ಲಿಂಬೆ ಪಾನಕ ಗಂಗವ್ವನ ಮುಂದೆ ಹಾಗೆಯೇ ಇತ್ತು.

ನೀವು ಯಾವ ಊರ ಸಾಲಿಯವರ್ರೀ ಎಂದು ಆಕೆ ಕೇಳಿದಳು. ನಮ್ಮೂರ ಹೆಸರು ಹೇಳಿದೆ. ಹುಡುಗಿಯರಿಗೆ ವಿಜ್ಞಾನ ತಂದವರು ಅವರೇ, ಅದಕ್ಕಾಗಿಯೇ ಅವರನ್ನು ಅಲ್ಲಿಂದ ತೆಗೆದರು ಎಂದೂ ಹೇಳಿದೆ. ಆಕೆ ನನ್ನ ಮುಖ ನೋಡಿದಳು.

“ಯಾರೂ ತಗೀಲಿಲ್ರಿ. ತಾವ ಬಿಟ್ಟು ಬಂದ್ರು. ಅಲ್ಲಿ ಶುರು ಆತು, ಇನ್ನ ನಡೀತೈತಿ, ಇಲ್ಲದ ಊರಿಗೆ ಹೋಗಬೇಕು ಅಂತಿದ್ರು. ಹಂಗ ಸಿಂದಗಿಗಿ ಹೋದ್ರು. ಆಮ್ಯಾಲ ಬಾಗೇವಾಡಿ ಕಡಿ ಒಂದು ಊರು. ಮತ್ತ ಇಲ್ಲಿ. ಎಲ್ಲಾ ಊರಿಂದ ನಿಮ್ಮಂಗ ಹೆಣ್ಣುಮಕ್ಕಳು ಬರ್ತಾರ್ರಿ. ನಮ್ಮ ಸಲುವಾಗಿ ಅವರ ನೌಕರಿ ಹೋತು ಅಂತ ಎಲ್ಲಾರೂ ಹೇಳ್ತಾರ.”

ಅವಳು ಸೋಜಿಗದಿಂದ ಹೇಳಲಿಲ್ಲ. ಬಹಳ ಸಲ ಹೇಳಿ ರೂಢಿಯಾದ ಮಾತಿನಂತೆ ಹೇಳಿದಳು. ಪತ್ರಿಕೆಯಲ್ಲಿ ಇಷ್ಟು ವರ್ಷ ಇದ್ದವಳು ನಾನು. ಈ ಒಂದು ಸುದ್ದಿಯನ್ನು ಖಚಿತ ಮಾಡಿಕೊಳ್ಳಬೇಕೆಂದು ಎಂದೂ ತೋಚಿರಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತ ಮೇಲೆ ಗಂಗವ್ವ ಒಂದು ಮಾತು ಹೇಳಿದಳು. ಅಷ್ಟು ವರ್ಷ ಅವಳ ಪಕ್ಕದಲ್ಲಿ ಕೂತವಳಿಗೆ, ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ ನನಗೆ, ಅದು ಗೊತ್ತಿರಲಿಲ್ಲ.

“ನಾ ನೀರು ಕುದಿಸಿದ್ದಕ್ಕ ಅವರ ಅನ್ನ ಹೋತು ಅಂತ ತಿಳಕೊಂಡಿದ್ನೆವಾ. ಯಾವ ರೋಗಿ ಮುಂದ ನಿಂತ್ರೂ ಅದು ನೆಪ್ಪಾಗ್ತಿತ್ತು. ಹಂಗಲ್ಲ ಅನ್ನೂದು ಅವರ ಬಾಯಿಂದ ಕೇಳಬೇಕಿತ್ತು...”

ಅವರು ಇರುವಾಗ ಬರಬಹುದಿತ್ತು. ಬಂದಿರಲಿಲ್ಲ. ಗಂಗವ್ವ ಕಣ್ಣೊರೆಸಿಕೊಂಡು ಕೈಚೀಲದಿಂದ ಫೋನು ತೆಗೆದಳು. ಹೊರಡುವ ಮೊದಲು ಆ ಅಕ್ಕನ ಮಗಳಿಂದ ಸಿಂದಗಿಯಲ್ಲಿ ಅಕ್ಕೋರ ಹತ್ತಿರ ಕಲಿತು, ಆ ಮನೆಗೆ ಇನ್ನೂ ಬಾರದಿದ್ದ ಒಬ್ಬರ ನಂಬರು ಇಸಿದುಕೊಂಡಿದ್ದಳಂತೆ, ನಾನು ಗಮನಿಸಿರಲಿಲ್ಲ. ಅವರಿಗೂ ನಿಜ ಗೊತ್ತಿರಲಿಕ್ಕಿಲ್ಲ, ಹೇಳಬೇಕು ಎಂದಳು. ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಬಾಗೇವಾಡಿಯ ಬಸ್ಸು ಬಂತು. ಅದು ಹೋಗಲಿ, ಮುಂದಿನದಕ್ಕೆ ಹೋಗೂಣು ಎಂದು ಕೈಸನ್ನೆ ಮಾಡಿದಳು.